ಮೂಸಿ ದಂಡೆಯ ಹಳೆಯ ಲೆಕ್ಕ

ಭೂಮಿ ಹೀಗೇ ಕಾಯುತ್ತಾ ಹೋದರೆ ಮನುಷ್ಯಕುಲ ಉಳಿದೀತೇ? ಪ್ರಶ್ನೆ ದೊಡ್ಡದು, ವಿಜ್ಞಾನ ಕೊಡುವ ಉತ್ತರ ಮಾತ್ರ ಚಿಕ್ಕದು: ಕುಲ ಉಳಿಯುತ್ತದೆ. ಈಗಿನ ನೀತಿಗಳೇ ಮುಂದುವರಿದರೆ ಶತಮಾನದ ಕೊನೆಗೆ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕಿಂತ 3 ಡಿಗ್ರಿ ಸೆಲ್ಸಿಯಸ್ ಆಸುಪಾಸು ಏರಬಹುದೆಂದು ವಿಶ್ವಸಂಸ್ಥೆಯ ಅಂದಾಜು. ಅಷ್ಟು ಬಿಸಿಗೆ ಸೈಬೀರಿಯಾದಿಂದ ಸಹಾರಾದವರೆಗೆ ಬಿಡಾರ ಹೂಡಿದ ಪ್ರಾಣಿಯೊಂದು ನಿರ್ನಾಮವಾಗುವುದಿಲ್ಲ. ಹಾಗೆಂದು ನೆಮ್ಮದಿಯಿಂದ ಪುಟ ಮಗುಚುವಂತಿಲ್ಲ. ‘ಮನುಷ್ಯಕುಲ’ ಎಂಬುವವರು ಯಾವ ಬೀದಿಯಲ್ಲೂ ವಾಸವಿಲ್ಲ. ಬೀದಿಯಲ್ಲಿರುವವರು ಜನ, ಅವರಲ್ಲಿ ಯಾರು ಉಳಿಯುತ್ತಾರೆ, ಯಾವ ಊರಲ್ಲಿ, ಎಂಥ ಏರ್ಪಾಡಿನ ಆಸರೆಯಲ್ಲಿ ಎಂದು ಕೇಳಿದಾಗ ಉತ್ತರ ಉದ್ದವಾಗುತ್ತದೆ.

ಹೈದರಾಬಾದಿನ ಕಾಚಿಗೂಡವನ್ನೇ ತೆಗೆದುಕೊಳ್ಳೋಣ. ಬೆಂಗಳೂರು ಕಡೆಯ ಪ್ರಯಾಣಿಕರಿಗೆ ಅದು ರೈಲು ಇಳಿಯುವ ಜಾಗ. ಅಲ್ಲಿನ ಕನ್ನಡಿಗರಿಗೆ ಕರ್ನಾಟಕ ಸಾಹಿತ್ಯ ಮಂದಿರದ ಊರು, ನೃಪತುಂಗ ಶಾಲೆಯ ಊರು. ಅಲ್ಲಿಂದ ಮೂಸಿ ನದಿ ದೂರವಿಲ್ಲ, ಚಾದರ್‌ಘಾಟ್ ಸೇತುವೆ ಮಗ್ಗುಲಲ್ಲೇ ಇದೆ. ಬೇಸಿಗೆಯಲ್ಲಿ ಈ ನದಿ ಕೊಳಚೆ ಹರಿಯುವ ಕಾಲುವೆಯಂತೆ ಕಾಣುತ್ತದೆ. 1908ರ ಸೆಪ್ಟೆಂಬರ್ 28ರಂದು ಇದೇ ಮೂಸಿ ಉಕ್ಕಿ ಸುಮಾರು 15,000 ಜನರನ್ನು ಕೊಂದಿತು. ಅಫ್ಜಲ್‌ಗಂಜಿನ ಆಸ್ಪತ್ರೆ ಆವರಣದ ಹುಣಸೆ ಮರ ಹತ್ತಿ ಕುಳಿತ ಸುಮಾರು 150 ಜನ ಬದುಕಿದರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿದೆ.

ಮುಂದಿನದು ನಮ್ಮವರ ಕಥೆ. ಮುಂಬಯಿ ಸರ್ಕಾರದ ನೌಕರಿ ಬಿಟ್ಟು ಯುರೋಪು ಸುತ್ತುತ್ತಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದಿಂದ ಕರೆ ಹೋಯಿತು. 1909ರ ಏಪ್ರಿಲಿನಲ್ಲಿ ಹೈದರಾಬಾದಿಗೆ ಬಂದ ಅವರು ಮೊದಲು ಮಾಡಿದ ಕೆಲಸ ಲೆಕ್ಕ ಹಾಕುವುದು. ಎಷ್ಟು ಮಳೆ ಬಿತ್ತು, ಎಷ್ಟು ಹೊತ್ತಿನಲ್ಲಿ, ಎಷ್ಟು ಅಗಲದ ನೆಲದ ಮೇಲೆ? ನಗರದ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದುಹೋಗಿದ್ದವು. ಮೇಲಿನ ಕೆರೆಯ ಏರಿ ಕಿತ್ತರೆ ಕೆಳಗಿನದರ ಮೇಲೆ ಹೊರೆ, ಅದೂ ಕಿತ್ತರೆ ಅದರ ಕೆಳಗಿನದರ ಮೇಲೆ ಇಮ್ಮಡಿ ಹೊರೆ. ಮಳೆ ತಂದ ನೀರಿಗೆ ಕೆರೆಗಳು ಕೂಡಿಟ್ಟ ನೀರೂ ಸೇರಿ ಒಂದೇ ರಾತ್ರಿಯಲ್ಲಿ ಊರಿಗೆ ನುಗ್ಗಿತ್ತು.

ಅವರು ಸೂಚಿಸಿದ ಪರಿಹಾರದ ತಿರುಳು ಸರಳ. ನಗರದ ಮೇಲ್ಗಡೆ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಿ, ನೆರೆ ಬಂದಾಗ ಹಿಡಿದಿಡಲು ಅವುಗಳಲ್ಲಿ ಜಾಗ ಖಾಲಿ ಉಳಿಸಬೇಕು. ನಗರದೊಳಗೆ ದಂಡೆ ಎತ್ತರಿಸಬೇಕು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಮುಂದೆ ಹಲವು ತಲೆಮಾರು ಮೂಸಿಯ ಭಯ ಮರೆತು ಬದುಕಿದ್ದು ಈ ಲೆಕ್ಕದ ಬಲದಿಂದ. ಮನುಷ್ಯ ಉಳಿಯುವ ಬಗೆ ಎಂದರೆ ಇದೇ ಎಂದು ನನಗನ್ನಿಸುತ್ತದೆ. ಎದೆಗಾರಿಕೆ, ಧೈರ್ಯ ಎಲ್ಲ ಆಮೇಲಿನ ಮಾತು.

ಆದರೆ ಅಂಥ ಲೆಕ್ಕಗಳಿಗೆಲ್ಲ ತಳದಲ್ಲೊಂದು ನಂಬಿಕೆ ಇರುತ್ತದೆ: ನಾಳೆಯ ಮಳೆ ನಿನ್ನೆಯ ಮಳೆಯನ್ನೇ ಹೋಲುತ್ತದೆ ಎಂಬುದು. ಹಳೆಯ ದಾಖಲೆಯಲ್ಲಿ ನೂರು ವರ್ಷಕ್ಕೊಮ್ಮೆ ಬಂದ ನೆರೆ ಮುಂದೆಯೂ ನೂರು ವರ್ಷಕ್ಕೊಮ್ಮೆಯೇ ಬರುತ್ತದೆ ಎಂದಿಟ್ಟುಕೊಂಡು ಎಂಜಿನಿಯರು ಕೋಡಿಯ ಅಗಲ, ಮೋರಿಯ ಆಳ, ಸೇತುವೆಯ ಎತ್ತರ ನಿರ್ಧರಿಸುತ್ತಾರೆ. ಈ ನಂಬಿಕೆಯನ್ನು ಇನ್ನು ಕೈಬಿಡಬೇಕು ಎಂದು ಜಲವಿಜ್ಞಾನಿಗಳ ತಂಡವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದ್ದು 2008ರಲ್ಲಿ, ಮೂಸಿಯ ಮಹಾಪೂರಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ. ಕಾರಣ ಭೌತಶಾಸ್ತ್ರದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಹೊತ್ತದ್ದನ್ನು ಒಂದಲ್ಲ ಒಂದು ದಿನ ಇಳಿಸಲೇಬೇಕು. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಬೀಳುವ ದಿನ ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರಲ್ಲಿ ಭೂಮಿ ಕೈಗಾರಿಕಾಪೂರ್ವ ಮಟ್ಟಕ್ಕಿಂತ 1.55 ಡಿಗ್ರಿ ಬಿಸಿಯಾಗಿತ್ತು. ಗಾಳಿಯಲ್ಲಿ ಹಿಂದೆ ಹತ್ತು ಲಕ್ಷಕ್ಕೆ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ.

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಹೈದರಾಬಾದಿನ ಅಂಚಿನ ಘಟಕೇಸರದಲ್ಲಿ ಒಂದೇ ದಿನ 32 ಸೆಂಟಿಮೀಟರ್ ಮಳೆ ಸುರಿಸಿತು. ಪಲ್ಲೆ ಚೆರುವು ಎಂಬ ಕೆರೆ ಒಡೆಯಿತು, ಕೆಲವೇ ದಿನಗಳಲ್ಲಿ ಗುರ್ರಂ ಚೆರುವು ಕೂಡ. ಅದೇ 1908ರ ಪಾಠ, ಈ ಸಲ ಕೆರೆಯ ಕೆಳಗೆ ಬಡಾವಣೆಗಳಿದ್ದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಜಲಾಶಯಗಳ ಗೇಟು ತೆರೆದಾಗ ಮೂಸಿಯ ನೀರು ನಗರದ ದೊಡ್ಡ ಬಸ್ ನಿಲ್ದಾಣದೊಳಕ್ಕೇ ನುಗ್ಗಿತು. ಇಂಥ ಒಂದೊಂದು ಘಟನೆಗೂ ಹವಾಮಾನವನ್ನಷ್ಟೇ ದೂರುವುದು ಸುಲಭ, ಆದರೆ ಅರ್ಧಸತ್ಯ. ನದಿಯ ಪಾತ್ರದಲ್ಲೇ ಕಟ್ಟಡ ಎಬ್ಬಿಸಿದ್ದು ಮೋಡಗಳಲ್ಲ. ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ ನಿರ್ಮಾಣಕ್ಕೆ ಕಡಿವಾಣ ಹಾಕಿದ್ದ 1996ರ ಸರ್ಕಾರಿ ಆದೇಶವನ್ನು 2022ರಲ್ಲಿ ಸಡಿಲಿಸಿದ್ದೂ ಮನುಷ್ಯರೇ, ಅದೂ ಲೆಕ್ಕ ಬಿಗಿಮಾಡಬೇಕಾದ ಕಾಲದಲ್ಲಿ.

ನೆರೆಯಾದರೆ ಕಣ್ಣಿಗೆ ಕಾಣುತ್ತದೆ. ಸೆಖೆ ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. 2015ರ ಮೇ ತಿಂಗಳ ಬಿಸಿಗಾಳಿಗೆ ದೇಶದಲ್ಲಿ 2,000ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಆಂಧ್ರ ಮತ್ತು ತೆಲಂಗಾಣದವರು.

ಸೆಖೆ ಕೊಲ್ಲುವುದು ಹೇಗೆ? ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಹುಟ್ಟಿಸುತ್ತದೆ. ಇಟ್ಟಿಗೆ ಹೊರುವವನದು ಅದರ ಮೂರು ನಾಲ್ಕು ಪಟ್ಟು. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಿದ್ದಾಗ ಈ ಶಾಖ ಕಳೆಯಲು ಇರುವ ದಾರಿ ಒಂದೇ, ಬೆವರು ಆರುವುದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಸುಮ್ಮನೆ ಇಳಿಯುತ್ತದೆ. ಅದಕ್ಕೇ ವಿಜ್ಞಾನಿಗಳು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಉಷ್ಣತೆ ಅಳೆಯುತ್ತಾರೆ. ಈ ‘ಒದ್ದೆ ಬಲ್ಬ್’ ಉಷ್ಣತೆ 35 ಡಿಗ್ರಿ ಮುಟ್ಟಿದರೆ ನೆರಳಲ್ಲಿ, ಬೆತ್ತಲೆ ಮೈಯಲ್ಲಿ, ಫ್ಯಾನಿನ ಕೆಳಗೆ ಕೂತವರೂ ಕೆಲವೇ ಗಂಟೆ ಬದುಕಿಯಾರು ಎಂದು 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಕೊಟ್ಟರು.

ಅದು ಕಾಗದದ ಮೇಲಿನ ಮಿತಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಗಟ್ಟಿಮುಟ್ಟಾದ ಯುವಜನರಿಂದಲೇ ಕೋಣೆಯೊಳಗೆ ಹಗುರ ಚಟುವಟಿಕೆ ಮಾಡಿಸಿ ಪರೀಕ್ಷಿಸಿದಾಗ, ತೇವದ ಸೆಖೆಯಲ್ಲಿ ಒದ್ದೆ ಬಲ್ಬ್ 31 ಡಿಗ್ರಿಯ ಹತ್ತಿರಕ್ಕೇ ಮೈಯೊಳಗಿನ ತಾಪ ಹಿಡಿತ ತಪ್ಪಿ ಏರತೊಡಗಿತು. ಒಣ ಬಿಸಿಲಿನಲ್ಲಿ ಆ ಗೆರೆ ಇನ್ನೂ ಕೆಳಗೆ, 25ರಿಂದ 28 ಡಿಗ್ರಿಯ ನಡುವೆ ಸಿಕ್ಕಿತು. ಎಷ್ಟು ಒಣ ಗಾಳಿಯಿದ್ದರೇನು, ಮೈ ಒಂದು ಮಟ್ಟಕ್ಕಿಂತ ಹೆಚ್ಚು ಬೆವರಲಾರದು. ಇದನ್ನು ನಮ್ಮ ಊರುಗಳಿಗೆ ಹಚ್ಚಿ ನೋಡಿ. 35 ಡಿಗ್ರಿ ಬಿಸಿಲು, ಶೇ 75 ತೇವ ಇರುವ ಮಂಗಳೂರಿನ ಮಧ್ಯಾಹ್ನವೆಂದರೆ ಒದ್ದೆ ಬಲ್ಬ್ 31. 42 ಡಿಗ್ರಿ, ಶೇ 30 ತೇವ ಇರುವ ಹೈದರಾಬಾದಿನ ಮೇ ತಿಂಗಳೆಂದರೆ 27. ಎರಡೂ ಗೆರೆಯ ಮೇಲೇ ನಿಂತಿವೆ. ‘ನಮ್ಮದು ಒಣ ಬಿಸಿಲು, ತಡೆಯಬಹುದು’ ಎಂದು ರಾಯಚೂರು, ಕಲಬುರಗಿ ಕಡೆಯವರು ಹೇಳುವ ಮಾತಿಗೆ ಹಿಂದಿನಷ್ಟು ಆಧಾರ ಉಳಿದಿಲ್ಲ.

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಒಳ್ಳೆಯ ಏರ್ಪಾಡು. ಅದೇ ಜಿಲ್ಲೆಗಳಿಂದ ಹೈದರಾಬಾದಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರಿಗೆ ಸಮಯ ಗೊತ್ತುಮಾಡುವವನು ಮೇಸ್ತ್ರಿ. ರಾತ್ರಿ ಅವರು ಮಲಗುವುದು ಹಗಲೆಲ್ಲ ಕಾದು ಇರುಳಿಡೀ ಶಾಖ ಉಗುಳುವ ತಗಡಿನ ಇಲ್ಲವೇ ಕಾಂಕ್ರೀಟಿನ ಸೂರಿನ ಕೆಳಗೆ. ಪಕ್ಕದ ಮನೆಯ ಎಸಿ ತನ್ನ ಕೋಣೆಯ ಬಿಸಿಯನ್ನೂ ಅದೇ ಓಣಿಗೆ ಸುರಿಯುತ್ತದೆ. ಸೂರಿಗೆ ಬಿಳಿ ಲೇಪ ಹಚ್ಚಿದರೆ ಬಿಸಿಲು ಮರಳಿ ಆಕಾಶಕ್ಕೆ ಹೋಗುತ್ತದೆ. ಹೈದರಾಬಾದಿನ ಬಡವರ ಕೆಲವು ಮನೆಗಳ ಮೇಲೆ ಬಿಳಿ ಹೊದಿಕೆ ಹಾಸಿ ನೋಡಿದಾಗ ಒಳಗಿನ ಉಷ್ಣತೆ ಸರಾಸರಿ 2 ಡಿಗ್ರಿ ಇಳಿದಿತ್ತು. ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಚಾವಣಿ ನೀತಿ ತಂದಿತು. ಅಗ್ಗದ ಉಪಾಯ, ಮಾಡಲೇಬೇಕಾದ್ದು. ಆದರೆ ಚಾವಣಿಯೇ ಇಲ್ಲದ ಕಡೆ ದುಡಿಯುವವರಿಗೆ ಅದರಿಂದ ಹಗಲು ಏನೂ ದಕ್ಕದು.

ಗುಜರಾತಿನ ‘ಸೇವಾ’ ಸಂಘಟನೆ ಇದಕ್ಕೊಂದು ದಾರಿ ಹುಡುಕಿದೆ: ಉಷ್ಣತೆ ಗೊತ್ತುಪಡಿಸಿದ ಮಿತಿ ದಾಟಿದರೆ ಹೊರಗೆ ದುಡಿಯುವ ಹೆಣ್ಣುಮಕ್ಕಳ ಖಾತೆಗೆ ಕೂಲಿನಷ್ಟದ ಹಣ ಬೀಳುವ ವಿಮೆ. 2024ರ ಬೇಸಿಗೆಯಲ್ಲಿ ಸಾವಿರಾರು ಮಂದಿಗೆ ಹಣ ಬಂತು. ಆದರೆ ವಿಮೆಯೂ ಹಳೆಯ ದಾಖಲೆಯ ಮೇಲೆಯೇ ನಿಂತ ವ್ಯವಹಾರ. ಅಪರೂಪಕ್ಕೆ ಬರುವ ಕಷ್ಟಕ್ಕೆ ಕಂತು ಸಣ್ಣದು; ಪ್ರತಿ ವರ್ಷ ಬರುವ ಕಷ್ಟಕ್ಕೆ ಕಂತು ನಷ್ಟದಷ್ಟೇ ಆಗುತ್ತದೆ, ಆಗ ಅದನ್ನು ಕಟ್ಟಲು ಕೂಲಿಯವರಿಂದಾಗದು. ಮಿತಿಯನ್ನು 40 ಡಿಗ್ರಿಯಿಂದ 43ಕ್ಕೆ ಏರಿಸಿದರೆ ಕಂತೇನೋ ಇಳಿಯುತ್ತದೆ. ಬೆವರಿನ ಮಿತಿಯನ್ನು ಹಾಗೆ ಏರಿಸಲು ಬರುವುದಿಲ್ಲ.