ಕಮಾನಿನ ಕಿರುಗುಟ್ಟುವಿಕೆ

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ಕೊಂಡ ಬಾಗಿಲು, ಚೌಕಟ್ಟುಗಳನ್ನು ಹೇರಿಕೊಂಡು ಊರಿಗೆ ಮರಳುವ ಪಿಕಪ್ ಗಾಡಿಗಳ ಹಿಂದಿನ ಕಮಾನುಗಳು ಕಿರುಗುಟ್ಟುವುದುಂಟು. ಸದ್ದು ಕೇಳಿದೊಡನೆ ಎಣ್ಣೆ ಸುರಿಯುವುದು ಹಲವರ ರೂಢಿ. ಚಕ್ಕಡಿಯ ಅಚ್ಚಿಗೆ ಒಪ್ಪಿದ ಔಷಧವು ಇಲ್ಲಿ ಒಪ್ಪದು. ಖನಿಜ ತೈಲವು ಕಮಾನಿನ ತುದಿಗಳಲ್ಲಿರುವ ರಬ್ಬರಿನ ಬುಶ್‌ಗಳನ್ನು ಉಬ್ಬಿಸಿ ಕೆಡಿಸುವುದು.

ಮೊದಲು ಆ ಬುಶ್‌ಗಳಿಗೆ ನೀರು ಚಿಮುಕಿಸಿ ಗಾಡಿಯನ್ನು ಅಲುಗಿಸಿ ನೋಡತಕ್ಕದ್ದು. ಸದ್ದು ಅಡಗಿತೆ? ದೋಷವು ಅಲ್ಲಿಯೇ ಇರುವುದು, ಸವೆದವನ್ನು ಬದಲಿಸಬೇಕು. ಅಡಗದಿದ್ದರೆ ಕಮಾನಿನ ಪಟ್ಟಿಗಳ ನಡುವೆ ಧೂಳು, ತುಕ್ಕು ಸೇರಿರಬಹುದು. ಹೇರನ್ನು ಇಳಿಸಿ, ಅಚ್ಚನ್ನಲ್ಲ, ಚಾಸಿಯನ್ನೇ ಜ್ಯಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿದರೆ, ಜೋತ ಅಚ್ಚಿನ ಭಾರಕ್ಕೆ ಪಟ್ಟಿಗಳು ತುಸು ಬಿಡುವುವು. ಆಗ ತಂತಿಯ ಬ್ರಷ್ಷಿನಿಂದ ಉಜ್ಜಿ, ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಬೇಕು. ಪಟ್ಟಿಯಲ್ಲಿ ಬಿರುಕು ಕಂಡರೆ ಮಾತ್ರ, ಹೊಸ ಪಟ್ಟಿ ಕೂಡಿಸುವವರೆಗೆ ಆ ಗಾಡಿಗೆ ಹೇರು ಏರಿಸಲಾಗದು.