ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಶಿವಮೊಗ್ಗದಿಂದ ಸವಳಂಗದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ನಿಂತರೆ ಎರಡು ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ಒಂದು ಬಗೆಯವರು ಒಂಟಿಯಾಗಿ ಓಡುವವರು, ಇಲ್ಲವೆ ಕೈಬೀಸಿ ನಡೆಯುವವರು. ಮುಖ ಗಂಭೀರ, ಕಣ್ಣು ಆಗಾಗ ಗಡಿಯಾರದ ಮೇಲೆ. ಇನ್ನೊಂದು ಬಗೆಯವರು ಹೆಗಲಿಗೆ ರಾಕೆಟ್ಟೋ ಕೈಯಲ್ಲಿ ಬ್ಯಾಟೋ ಹಿಡಿದು, ನಿನ್ನೆಯ ಔಟು ನಿಜಕ್ಕೂ ಔಟೇ ಎಂದು ವಾದಿಸುತ್ತ ನವಿಲೆಯ ಕಡೆಗೆ ಹೋಗುವ ಹುಡುಗರು. ಒಂದು ಗಂಟೆಯ ನಂತರ ಎಲ್ಲರೂ ಬೆವರಿನಲ್ಲಿ ತೊಯ್ದಿರುತ್ತಾರೆ. ಓಡಿದವರನ್ನು ಕೇಳಿದರೆ ಎಷ್ಟು ಕಿಲೋಮೀಟರ್ ಆಯಿತೆಂದು ಹೇಳುತ್ತಾರೆ. ಆಡಿದವರನ್ನು ಕೇಳಿದರೆ ಯಾರು ಗೆದ್ದರೆಂದು ಹೇಳುತ್ತಾರೆ. ತಾವು ವ್ಯಾಯಾಮ ಮಾಡಿದೆವೆಂಬುದೇ ಅವರಿಗೆ ನೆನಪಿರುವುದಿಲ್ಲ.

ಒಂಟಿ ಓಟವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಅದಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಒಂದು ಜೊತೆ ಶೂ ಇದ್ದರೆ ಸಾಕು. ಕಷ್ಟವಿರುವುದು ಮುಂದುವರಿಸುವುದರಲ್ಲಿ. ನಾನೇ ಮೂರು ಸಲ ಆರಂಭಿಸಿ ಮೂರು ಸಲವೂ ಬಿಟ್ಟವನು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕು. 18 ದಾಟಿದವರಿಗೆ ಸಾಧಾರಣ ಶ್ರಮದ್ದಾದರೆ ವಾರಕ್ಕೆ 150ರಿಂದ 300 ನಿಮಿಷ. ಈ ಗುರಿಯನ್ನು ಒಂದು ವಾರ ಮುಟ್ಟುವುದು ಸುಲಭ. ಪರೀಕ್ಷೆ, ಮಳೆ, ಸೋಮಾರಿತನ ಎಲ್ಲವನ್ನೂ ದಾಟಿ ವರ್ಷವಿಡೀ ಮುಟ್ಟುವುದು ಹೇಗೆಂಬುದೇ ಪ್ರಶ್ನೆ. ಮೈದಾನದಲ್ಲಿ ಯಾರೋ ನಮಗಾಗಿ ಕಾಯುತ್ತಿದ್ದಾರೆಂದರೆ ಹಾಸಿಗೆ ಬಿಡಲು ಒಂದು ಕಾರಣ ಸಿಕ್ಕಿತು.

ಎದುರಾಳಿ ಇದ್ದರೆ ಮನುಷ್ಯ ಬೇರೆಯಾಗಿಯೇ ವರ್ತಿಸುತ್ತಾನೆ ಎಂಬುದು ಹಳೆಯ ಸಂಗತಿ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಸೈಕಲ್ ಪಂದ್ಯಗಳ ದಾಖಲೆಗಳನ್ನು ಪರಿಶೀಲಿಸಿ, ಗಡಿಯಾರದ ವಿರುದ್ಧ ಒಬ್ಬನೇ ತುಳಿಯುವವನಿಗಿಂತ ಇತರರೊಡನೆ ತುಳಿಯುವವನ ವೇಗ ಹೆಚ್ಚೆಂದು ಕಂಡುಕೊಂಡ. ಆಮೇಲೆ ಮೀನು ಹಿಡಿಯುವ ಗಾಳದ ರಾಟೆಯನ್ನು ಮಕ್ಕಳಿಂದ ಸುತ್ತಿಸಿ ನೋಡಿದ. ಜೊತೆಗೆ ಇನ್ನೊಬ್ಬರಿದ್ದಾಗ ಸುಮಾರು ಅರ್ಧದಷ್ಟು ಮಕ್ಕಳು ಬೇಗ ಸುತ್ತಿದರು, ಕೆಲವರಲ್ಲಿ ವ್ಯತ್ಯಾಸವಾಗಲಿಲ್ಲ, ಇನ್ನು ಕೆಲವರು ಉದ್ವೇಗದಿಂದ ಮೊದಲಿಗಿಂತ ನಿಧಾನವಾದರು. ಈ ಕೊನೆಯವರನ್ನು ಮರೆಯಬಾರದು. ಅವರ ಮಾತಿಗೆ ಮತ್ತೆ ಬರುತ್ತೇನೆ.

ದೇಹದ ಮಟ್ಟಿಗೆ ಆಟದೊಳಗೆ ನಡೆಯುವುದೇನು? ನಮ್ಮ ಕಬಡ್ಡಿಯನ್ನೇ ತೆಗೆದುಕೊಳ್ಳೋಣ. ತಂಡಕ್ಕೆ ಏಳು ಜನ. ಪುರುಷರ ಪಂದ್ಯದಲ್ಲಿ 20 ನಿಮಿಷಗಳ ಎರಡು ಅವಧಿ. ಒಂದು ದಾಳಿಗೆ ಹೆಚ್ಚೆಂದರೆ 30 ಸೆಕೆಂಡು. ದಾಳಿಗೆ ಹೋದವನು ಉಸಿರು ಬಿಡುತ್ತಲೇ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು, ಬಾಗಬೇಕು, ಕಾಲು ಚಾಚಬೇಕು, ಹಿಡಿದವರನ್ನು ಎಳೆದುಕೊಂಡೇ ಗೆರೆ ಮುಟ್ಟಬೇಕು. ಆ ಅರ್ಧ ನಿಮಿಷ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುತ್ತವೆ; ರಕ್ತ ತರುವ ಆಮ್ಲಜನಕ ಸಾಲದು. ವಾಪಸು ಬಂದು ನಿಂತಾಗ ಏದುಸಿರು ಬಿಡುತ್ತಾ ಆ ಸಾಲ ತೀರಿಸುತ್ತಾನೆ. ಅಷ್ಟರಲ್ಲಿ ಎದುರು ತಂಡದ ದಾಳಿ ಬಂದಿರುತ್ತದೆ. ಹೀಗೆ ಬಿರುಸು, ಬಿಡುವು, ಮತ್ತೆ ಬಿರುಸು. ತರಬೇತುದಾರರು ಗಡಿಯಾರ ಹಿಡಿದು ಓಟಗಾರರಿಂದ ಮಾಡಿಸುವ ‘ಇಂಟರ್‌ವಲ್’ ತಾಲೀಮು ಇದೇ. ಅಲ್ಲಿ ಅದು ಶಿಕ್ಷೆಯಂತೆ ಕಾಣುತ್ತದೆ, ಇಲ್ಲಿ ಅದೇ ಆಟ. ಮುಂದಿನ ಬಿರುಸು ಯಾವಾಗ ಬರುತ್ತದೆಂದು ಎದುರಾಳಿ ನಿರ್ಧರಿಸುವುದರಿಂದ ಮನಸ್ಸು ದಣಿವಿನ ಕಡೆಗೆ ತಿರುಗುವಷ್ಟು ಬಿಡುವು ಸಿಗುವುದಿಲ್ಲ.

ಮೂಳೆಯ ವಿಷಯವೂ ಸ್ವಾರಸ್ಯಕರ. ಬಹುಕಾಲ ಟೆನಿಸ್ ಆಡಿದವರ ಎರಡೂ ತೋಳುಗಳನ್ನು ಅಳೆದು ನೋಡಿದಾಗ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ಗಟ್ಟಿಯಾಗಿರುವುದು ಕಂಡುಬಂದಿದೆ. ವಂಶ ಒಂದೇ, ಊಟ ಒಂದೇ, ತೋಳು ಮಾತ್ರ ಬೇರೆ. ಇದಕ್ಕಿಂತ ನೇರವಾದ ಪ್ರಯೋಗ ಬೇಕೆ? ಎಳೆಯ ವಯಸ್ಸಿನಲ್ಲೇ ಆಡಲು ಆರಂಭಿಸಿದವರಲ್ಲಿ ಈ ವ್ಯತ್ಯಾಸ ಹೆಚ್ಚು. ನೆಗೆತ, ತಿರುವು, ಥಟ್ಟನೆ ನಿಲ್ಲುವುದು ಇವೆಲ್ಲ ಮೂಳೆಯ ಮೇಲೆ ಬೇರೆ ಬೇರೆ ದಿಕ್ಕಿನಿಂದ ಭಾರ ಹಾಕುತ್ತವೆ. ಎಸ್.ಎಸ್.ಎಲ್.ಸಿ. ವರ್ಷ ಬಂತೆಂದು ಮಕ್ಕಳನ್ನು ಮೈದಾನದಿಂದ ಎಬ್ಬಿಸಿ ತರುವ ಹಿರಿಯರು ಇದನ್ನು ಗಮನಿಸಬೇಕು.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 8,577 ಜನರನ್ನು ಸುಮಾರು 25 ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಏನೂ ಮಾಡದೆ ಕುಳಿತವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯಸ್ಸು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ, ಫುಟ್ಬಾಲ್ ಆಡುವವರದು 4.7 ವರ್ಷ ಹೆಚ್ಚೆಂದು ಲೆಕ್ಕ ಸಿಕ್ಕಿತು. ನಿಧಾನವಾಗಿ ಓಡುವವರಿಗೆ 3.2 ವರ್ಷ, ವ್ಯಾಯಾಮ ಶಾಲೆಗೆ ಹೋಗುವವರಿಗೆ 1.5 ವರ್ಷ. ಇದನ್ನು ಓದಿ ಟೆನಿಸ್ ರಾಕೆಟ್ ಕೊಂಡರೆ ಆಯಸ್ಸು ಕೊಂಡಂತೆ ಎಂದುಕೊಳ್ಳಬೇಡಿ. ಟೆನಿಸ್ ಆಡುವವರು ಅನುಕೂಲಸ್ಥರಿರಬಹುದು, ಮೊದಲೇ ಆರೋಗ್ಯವಂತರಿರಬಹುದು. ಸಂಶೋಧಕರೇ ಈ ಎಚ್ಚರಿಕೆ ಹೇಳಿದ್ದಾರೆ. ಆದರೂ ಪಟ್ಟಿಯ ಮೇಲ್ತುದಿಯಲ್ಲಿರುವುದು ಒಬ್ಬರೇ ಆಡಲಾಗದ ಆಟಗಳು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಹಾಗಿದ್ದರೆ ಎಲ್ಲರೂ ಏಕೆ ಆಡುವುದಿಲ್ಲ? ಚಿಕ್ಕಂದಿನಲ್ಲಿ ಅಣ್ಣಂದಿರ ಆಟದಲ್ಲಿ ಪುಟ್ಟ ತಮ್ಮನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಅವನು ಔಟಾದರೂ ಔಟಲ್ಲ. ಹೈಸ್ಕೂಲು ಮುಟ್ಟುವ ಹೊತ್ತಿಗೆ ಶಾಲಾ ತಂಡದ ಆಯ್ಕೆ ಬರುತ್ತದೆ. ಹನ್ನೊಂದು ಜನ ತಂಡಕ್ಕೆ, ಉಳಿದ ನೂರಾರು ಜನ ಚಪ್ಪಾಳೆಗೆ. ಈ ಉಳಿದವರು ಲೆಕ್ಕಕ್ಕೂ ಇಲ್ಲ, ಆಟಕ್ಕೂ ಇಲ್ಲ. ಸವಳಂಗ ರಸ್ತೆಯ ನವಿಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿದೆ. 2020ರ ಫೆಬ್ರವರಿಯಲ್ಲಿ ಕರ್ನಾಟಕ ಮತ್ತು ಮಧ್ಯಪ್ರದೇಶದ ನಡುವೆ ಅಲ್ಲಿ ರಣಜಿ ಪಂದ್ಯ ನಡೆಯಿತು. ಅಂಥ ಪಂದ್ಯ ನೋಡುವುದು ಸಂತೋಷವೇ. ಆದರೆ ನೋಡಿದ್ದರಿಂದ ನಾಡಿ ಏರಬಹುದೇ ಹೊರತು ಮೂಳೆ ಗಟ್ಟಿಯಾಗುವುದಿಲ್ಲ. ಇದರಲ್ಲಿ ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮ ಪಾಲೂ ಇದೆ: ಕ್ರೀಡೆಯ ಬಗ್ಗೆ ಸಂವಾದ ಏರ್ಪಡಿಸಿದಾಗಲೆಲ್ಲ ಪದಕ ಗೆದ್ದವರನ್ನೇ ಕರೆಯುತ್ತೇವೆ, ಪ್ರತಿ ಭಾನುವಾರ ಸೋತು ಮುಂದಿನ ಭಾನುವಾರ ಮತ್ತೆ ಬರುವವರನ್ನು ಕರೆಯುವುದಿಲ್ಲ.

ಸ್ಪರ್ಧೆಯ ಸುಖ ಚಾಂಪಿಯನ್ನರ ಸ್ವತ್ತಲ್ಲ. ಅದಕ್ಕೆ ಬೇಕಾದದ್ದು ಸರಿಸಮಾನ ಎದುರಾಳಿ ಮಾತ್ರ. 21–4ರಲ್ಲಿ ಗೆದ್ದವನಿಗೂ ಸೋತವನಿಗೂ ಅಂಥ ವ್ಯಾಯಾಮ ಆಗುವುದಿಲ್ಲ, ಖುಷಿಯೂ ಇಲ್ಲ. 21–19ರ ಆಟದಲ್ಲಿ ಇಬ್ಬರಿಗೂ ಎರಡೂ ಉಂಟು. ಟ್ರಿಪ್ಲೆಟ್‌ನ ಪ್ರಯೋಗದಲ್ಲಿ ಗಾಬರಿಗೊಂಡ ಮಕ್ಕಳಂಥವರಿಗೆ ಮದ್ದು ಇಲ್ಲಿದೆ: ಅಂತರ ತಗ್ಗಿಸಿ. ಬಲವಾಗಿ ಆಡುವವನು ಎದುರಿನವನಿಗೆ ಏಳು ಪಾಯಿಂಟು ಮೊದಲೇ ಬಿಟ್ಟುಕೊಡಲಿ. ಗಲ್ಲಿ ಕ್ರಿಕೆಟ್ಟಿನಲ್ಲಿ ಒಂದು ಪುಟ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು ಎಂಬ ನಿಯಮವನ್ನು ಯಾವ ಕ್ರಿಕೆಟ್ ಮಂಡಳಿಯೂ ಮಾಡಿದ್ದಲ್ಲ. ಹುಡುಗರೇ ಆಟ ಸಮನಾಗಲೆಂದು ಮಾಡಿಕೊಂಡದ್ದು. ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಥ್ರೋಬಾಲ್ ಅಷ್ಟು ಹರಡಿರುವುದಕ್ಕೂ ಕಾರಣ ಹುಡುಕಬೇಕಾಗಿಲ್ಲ: ಒಂದು ಬಲೆ, ಒಂದು ಚೆಂಡು, ಹಿಡಿಯಲು ಎಸೆಯಲು ಬಂದರೆ ಮೊದಲ ದಿನವೇ ಆಟ.

ಎದುರಾಳಿ ಶತ್ರುವಲ್ಲ, ನಮ್ಮ ಆಟದ ಅರ್ಧ ಭಾಗ ಎಂಬುದನ್ನು ತೋರಿಸಿದವರು ಪಕ್ಕದ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಅವರು ಭಾರತದ ನಾಯಕ. ವಿಕೆಟ್ ಹಿಂದೆ ಕ್ಯಾಚಾಯಿತೆಂದು ಅಂಪೈರ್ ಬಾಬ್ ಟೇಲರ್‌ಗೆ ಔಟ್ ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ವಿಶ್ವನಾಥ್ ಅಪೀಲನ್ನು ಹಿಂತೆಗೆದುಕೊಂಡು ಟೇಲರನ್ನು ವಾಪಸು ಕರೆದರು. ಟೇಲರ್ ಮತ್ತು ಬಾಥಮ್ 171 ರನ್ನುಗಳ ಜೊತೆಯಾಟ ಆಡಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆ ಸೋಲಿಗೆ ಅವರನ್ನು ದೂರಿದವರೂ ಇರಬಹುದು. ನಿಮ್ಮ ಬಡಾವಣೆಯ ಆಟದಲ್ಲಿ ಅಂಪೈರೇ ಇರುವುದಿಲ್ಲ. ಅಲ್ಲಿ ಗೆರೆಯ ಮೇಲೆ ಬಿದ್ದ ಷಟಲ್ ಒಳಗೋ ಹೊರಗೋ ಎಂದು ನಿಜ ಹೇಳದವನ ಜೊತೆ ಎರಡನೆಯ ವಾರ ಯಾರೂ ಆಡಲು ಬರುವುದಿಲ್ಲ.

ಅಪಾಯವೂ ಇದೆ. ದಣಿವು ಮರೆಸುವ ಗುಣವೇ ನೋವನ್ನೂ ಮರೆಸುತ್ತದೆ. ಕಾಲು ಉಳುಕಿದ್ದರೂ ಇನ್ನೊಂದು ಗೇಮ್ ಎನ್ನುವ ಆಸೆ ಹುಟ್ಟುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ನೇರವಾಗಿ ಕಣಕ್ಕಿಳಿಯದೆ ಐದು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ನೀರು ಜೊತೆಗಿರಲಿ.

ಇನ್ನುಳಿದದ್ದು ಜನ ಸೇರಿಸುವ ಕೆಲಸ. ಆಡಲು ನಾಲ್ವರು ಬೇಕಿದ್ದರೆ ಪಟ್ಟಿಯಲ್ಲಿ ಆರು ಹೆಸರಿರಲಿ. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಟೆಸ್ಟು ಬಂದರೂ ಆಟ ನಿಲ್ಲುವುದಿಲ್ಲ. ದಿನ, ಹೊತ್ತು ಗೊತ್ತುಮಾಡಿಕೊಳ್ಳಿ, ‘ಬಿಡುವಾದಾಗ’ ಎಂದಿಟ್ಟುಕೊಂಡರೆ ಅದು ಬರುವುದೇ ಇಲ್ಲ. ಜೂನ್ ಕಳೆದು ಮಲೆನಾಡಿನ ಮಳೆ ಹಿಡಿದಾಗ ವಾಲಿಬಾಲ್ ಅಂಗಳ ಕೆಸರಾಗುತ್ತದೆ. ಹಾಸ್ಟೆಲಿನಲ್ಲಿ ಟೇಬಲ್ ಟೆನಿಸ್ ಮೇಜಿದ್ದರೆ ಅದರ ಮೇಲಿನ ಹಳೆಯ ಪತ್ರಿಕೆಗಳನ್ನು ತೆಗೆದಿಡುವ ಕಾಲ ಅದು. ಕ್ರಿಕೆಟ್ಟಿಗೆ ಒಂಬತ್ತೇ ಜನ ಬಂದರೆ ಚಿಂತೆಯಿಲ್ಲ. ಒಂಬತ್ತನೆಯವನನ್ನು ‘ಜೋಕರ್’ ಮಾಡಿ. ಅವನು ಎರಡೂ ಕಡೆ ಬ್ಯಾಟು ಮಾಡುತ್ತಾನೆ, ಎರಡೂ ಕಡೆಯ ಲೆಕ್ಕದಲ್ಲಿರುತ್ತಾನೆ.