ನಿಮಗಿದು ಗೊತ್ತೇ? ಸರಾಸರಿ ಮುಚ್ಚಿಟ್ಟ ಸಂಗತಿಗಳು

ಕೊಚ್ಚಿ ಪಕ್ಕದ ಅಂಬಲಮುಗಳ್‌ನಲ್ಲಿ ತೈಲ ಸಂಸ್ಕರಣಾಗಾರ ಶುರುವಾದದ್ದು 1966ರಲ್ಲಿ. ಆಗ ಅದರ ಸಾಮರ್ಥ್ಯ ವರ್ಷಕ್ಕೆ 25 ಲಕ್ಷ ಟನ್, ಈಗ 155 ಲಕ್ಷ ಟನ್. ಅಲ್ಲಿಂದ ಹೊರಡುವ ಪೆಟ್ರೋಲ್ ಎಷ್ಟು ಡಿಗ್ರಿಗೆ ಕುದಿಯುತ್ತದೆ ಗೊತ್ತೇ? ನೀರಿಗಾದರೆ 100 ಎಂದುಬಿಡಬಹುದು. ಪೆಟ್ರೋಲಿಗೆ ಹಾಗೆ ಒಂದೇ ಅಂಕಿ ಇಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕೆಲವು 40 ಡಿಗ್ರಿ ಮುಟ್ಟುವ ಹೊತ್ತಿಗೇ ಆವಿಯಾಗಿ ಹೋಗಿರುತ್ತವೆ, ಕೆಲವು 180 ದಾಟಿದರೂ ಜಗ್ಗುವುದಿಲ್ಲ.

ಹಾಗಾಗಿ ಪ್ರಯೋಗಾಲಯದವರು ಸರಾಸರಿ ಕುದಿಬಿಂದು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಮಾದರಿಯನ್ನು ನಿಧಾನವಾಗಿ ಕಾಯಿಸುತ್ತ, ಎಷ್ಟು ಡಿಗ್ರಿಗೆ ಶೇ ಎಷ್ಟು ಭಾಗ ಆವಿಯಾಯಿತು ಎಂದು ಬರೆದಿಡುತ್ತಾರೆ. ಬಿಎಸ್-6 ಪೆಟ್ರೋಲ್ ಆದರೆ 150 ಡಿಗ್ರಿಯೊಳಗೆ ಕನಿಷ್ಠ ಶೇ 75ರಷ್ಟು ಆವಿಯಾಗಿರಬೇಕು. ಕೊನೆಯ ಕುದಿಬಿಂದು 210 ಮೀರಕೂಡದು. ಎರಡು ಟ್ಯಾಂಕ್‌ಗಳ ಪೆಟ್ರೋಲಿಗೆ ಸರಾಸರಿ ಒಂದೇ ಇದ್ದರೂ ಗುಣ ಬೇರೆಯಾಗಬಹುದು. ಹಗುರ ಭಾಗ ತೀರಾ ಕಡಿಮೆಯಾದರೆ ಚಳಿಯ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಭಾರದ ಭಾಗ ಹೆಚ್ಚಾದರೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಎಂಜಿನ್ ಆಯಿಲ್‌ಗೆ ಇಳಿದು ಅದನ್ನೂ ತೆಳುವಾಗಿಸುತ್ತದೆ. ಗಾಡಿಯನ್ನು ಕಾಡುವುದೆಲ್ಲ ಈ ಎರಡು ತುದಿಗಳು. ನಡುವಿನ ಅಂಕಿಯದ್ದು ಯಾವ ತಕರಾರೂ ಇಲ್ಲ.

ಒಂದೇ ಬಾಟಲಿಯ ಪೆಟ್ರೋಲನ್ನು ಒಬ್ಬರೇ ತಂತ್ರಜ್ಞರು ಎರಡು ಸಲ ಪರೀಕ್ಷಿಸಿದರೂ ಉತ್ತರ ಕೂದಲೆಳೆಯಷ್ಟು ಬದಲಾಗುತ್ತದೆ. ಬೇರೆ ಪ್ರಯೋಗಾಲಯಕ್ಕೆ ಕಳಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಈ ಎರಡು ವ್ಯತ್ಯಾಸಗಳಿಗೂ ಪರೀಕ್ಷಾ ವಿಧಾನದಲ್ಲೇ ಬೇರೆಬೇರೆ ಮಿತಿ ಬರೆದಿರುತ್ತಾರೆ. ಮಿತಿಯೊಳಗಿನ ವ್ಯತ್ಯಾಸಕ್ಕೆ ಮಾರುವವರೂ ಕೊಳ್ಳುವವರೂ ಜಗಳವಾಡುವಂತಿಲ್ಲ.

ಕಾರ್ಖಾನೆ ಊರಿನ ಗಾಳಿಗೂ ಇದೇ ಲೆಕ್ಕ. 2009ರ ನವೆಂಬರ್‌ನಲ್ಲಿ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡ ಒಂದೇ ಮಿತಿಗೆ ನಿಲ್ಲಲಿಲ್ಲ. ಪಿಎಂ10 ದೂಳು ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು, ಯಾವುದೇ ದಿನದ ಸರಾಸರಿ 100 ಮೀರಬಾರದು. ಎರಡು ಕಡೆ ಅಳೆದಿರೆಂದುಕೊಳ್ಳಿ. ಒಂದು ಕಡೆ ದಿನವೂ 50. ಇನ್ನೊಂದು ಕಡೆ ಮೂರು ದಿನ 20, ನಾಲ್ಕನೆಯ ದಿನ 140, ಮತ್ತೆ ಅದೇ ಸುತ್ತು. ವರ್ಷದ ಸರಾಸರಿ ಎರಡೂ ಕಡೆ 50! ವಾರ್ಷಿಕ ಮಿತಿಯೊಂದೇ ಇದ್ದಿದ್ದರೆ ಎರಡೂ ಪಾಸು. ದಿನದ ಮಿತಿಯೂ ಇರುವುದರಿಂದ ಎರಡನೆಯದು ಸಿಕ್ಕಿಬೀಳುತ್ತದೆ. ನಿಯಮದಲ್ಲಿ ಇನ್ನೊಂದು ಜಾಣ ಸಾಲೂ ಇದೆ: ವರ್ಷದಲ್ಲಿ ಶೇ 2ರಷ್ಟು ಸಲ ದಿನದ ಮಿತಿ ದಾಟಿದರೆ ವಿನಾಯಿತಿ ಉಂಟು, ಆದರೆ ಮಾಪನ ನಡೆದ ಸತತ ಎರಡು ದಿನ ದಾಟುವಂತಿಲ್ಲ. ಉಸಿರಾಡುವವರ ಕಡೆಯಿಂದ ಯೋಚಿಸಿ ಬರೆದ ಸಾಲು ಎನಿಸುತ್ತದೆ.

ವರ್ಷದ ಸರಾಸರಿ ಉಷ್ಣಾಂಶ ಎಲ್ಲಿ ಹೆಚ್ಚು, ದೆಹಲಿಯಲ್ಲೋ ಕೊಚ್ಚಿಯಲ್ಲೋ? ಕೊಚ್ಚಿಯಲ್ಲಿ. ದೆಹಲಿಯ ಜನವರಿಯ ನಡುಕ ಜೂನ್ ಉರಿಯನ್ನು ಲೆಕ್ಕದಲ್ಲಿ ಆರಿಸಿಬಿಡುತ್ತದೆ. ಕೊಚ್ಚಿಯಲ್ಲಿ ಅತಿ ಸೆಕೆಯ ತಿಂಗಳಿಗೂ ಅತಿ ತಂಪಿನ ತಿಂಗಳಿಗೂ ಅಂತರ ಮೂರು ಡಿಗ್ರಿ ಆಸುಪಾಸು ಅಷ್ಟೇ. ಅಲ್ಲಿ ಸ್ವೆಟರ್ ವ್ಯಾಪಾರಕ್ಕೆ ಇಳಿಯಬೇಡಿ.

ಕೇರಳಕ್ಕೆ ಮುಂಗಾರು ಬರುವುದು ಜೂನ್ 1ಕ್ಕೆ ಎಂದು ಮಕ್ಕಳಿಗೂ ಗೊತ್ತು. ಅದರ ಬಾಲದಲ್ಲಿ ಹವಾಮಾನ ಇಲಾಖೆ ಸೇರಿಸುವ ಮಾತನ್ನು ಮಾತ್ರ ಯಾರೂ ನೆನಪಿಡುವುದಿಲ್ಲ: ಮಾನಕ ವಿಚಲನೆ ಸುಮಾರು 7 ದಿನ. ಅಂದರೆ ಮೇ 25ಕ್ಕೆ ಬಂದರೂ ಜೂನ್ 8ಕ್ಕೆ ಬಂದರೂ ಬೆಚ್ಚುವಂಥದ್ದೇನಿಲ್ಲ. ಟಿ.ವಿ.ಯವರು ‘ಕೈಕೊಟ್ಟ ಮುಂಗಾರು’ ಎಂದು ಜೂನ್ 3ಕ್ಕೇ ಕೂಗುವುದುಂಟು, ಅದು ಬೇರೆ ಮಾತು. ದಾಖಲೆಯಲ್ಲಿರುವ ಅತಿ ಬೇಗದ ಆಗಮನ 1918ರ ಮೇ 11, ಅತಿ ತಡದ್ದು 1972ರ ಜೂನ್ 18. ನಡುವೆ 38 ದಿನ! ಮೊದಲನೆಯದು ಸರಾಸರಿಗಿಂತ ಮೂರು ಮಾನಕ ವಿಚಲನೆಯಷ್ಟು ಮುಂಚೆ. ಬೇಗ ಬಂದ ಮಳೆ ಚೆನ್ನಾಗಿ ಸುರಿಯಿತೇ? ಇಲ್ಲ. 1918ರಲ್ಲೂ ದೇಶಕ್ಕೆ ಬರ, 1972ರಲ್ಲೂ ಬರ.

‘ಕೇರಳಕ್ಕೆ ಮುಂಗಾರು’ ಎಂದು ಸಾರುವ ತೀರ್ಪಿನಲ್ಲಿ ನಮ್ಮ ಮಂಗಳೂರಿಗೂ ಒಂದು ಮತವಿದೆ ಎಂದರೆ ನಂಬುತ್ತೀರಾ? ನೋಡುವುದು 14 ಕೇಂದ್ರಗಳನ್ನು. ಮಿನಿಕಾಯ್, ತಿರುವನಂತಪುರ, ಕೊಚ್ಚಿಗಳ ಜೊತೆ ಕಾಸರಗೋಡಿನ ಕೂಡ್ಲು ಮತ್ತು ಮಂಗಳೂರೂ ಆ ಪಟ್ಟಿಯಲ್ಲಿವೆ. ಮೇ 10ರ ನಂತರ ಶೇ 60ರಷ್ಟು ಕೇಂದ್ರಗಳಲ್ಲಿ, ಅಂದರೆ ಒಂಬತ್ತರಲ್ಲಿ, ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು. ಗಾಳಿ, ಮೋಡಗಳ ಷರತ್ತು ಬೇರೆ. ಹದಿನಾಲ್ಕರ ಸರಾಸರಿ ತೆಗೆದುಕೊಂಡಿದ್ದರೆ ಒಂದೇ ಊರಿನ ಕುಂಭದ್ರೋಣ ಮಳೆ ಎಲ್ಲರ ಲೆಕ್ಕವನ್ನೂ ಕೆಡಿಸುತ್ತಿತ್ತು. ಒಂದು ಕೇಂದ್ರಕ್ಕೆ ಒಂದೇ ಮತ ಎಂದಾಗ ಆ ಕಾಟವಿಲ್ಲ.

2018ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇ 23ರಷ್ಟು ಹೆಚ್ಚು ಮಳೆ. ಕೇಳಲು ಅಂಥ ಭಯಂಕರವೇನೂ ಅಲ್ಲ. ಆದರೆ ಆಗಸ್ಟ್ 15ರಿಂದ 17ರವರೆಗಿನ ಮೂರೇ ದಿನಗಳಲ್ಲಿ ಇಡೀ ರಾಜ್ಯದ ಮೇಲೆ ಸರಾಸರಿ 414 ಮಿ.ಮೀ. ಬಿದ್ದಿತ್ತು. ಮುಂದಿನ ತಿಂಗಳು ಮಳೆ ಮುನಿಸಿಕೊಂಡಿತು. ಪ್ರವಾಹ ಕಂಡ ಊರುಗಳಲ್ಲೇ ಬಾವಿಗಳ ನೀರು ಇಳಿಯಿತು. ಋತುವಿನ ಒಟ್ಟು ಮೊತ್ತದಲ್ಲಿ ಪ್ರವಾಹವೂ ಒಣಹವೆಯೂ ಸೇರಿ 23 ಆಗಿವೆ.

1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ನಾಲ್ಕು ದತ್ತಾಂಶ ಗುಂಪುಗಳನ್ನು ಬೇಕೆಂದೇ ಕಟ್ಟಿದರು. ನಾಲ್ಕಕ್ಕೂ ಸರಾಸರಿ ಒಂದೇ, ಚದುರುವಿಕೆಯೂ ಹೆಚ್ಚುಕಡಿಮೆ ಒಂದೇ. ನಕ್ಷೆ ಬರೆದರೆ ಒಂದು ಸಾಲಿನ ಸುತ್ತ ಹರಡಿದ ಚುಕ್ಕಿಗಳು, ಇನ್ನೊಂದು ಬಿಲ್ಲಿನಂತೆ ಬಾಗಿದ ಗೆರೆ. ಸರಾಸರಿಯ ಬೆನ್ನಿಗೆ ಚದುರುವಿಕೆ ನಿಂತರೂ ಪೂರ್ತಿ ನೆಚ್ಚಬೇಡಿ!

ಕ್ರಿಕೆಟ್ ಇಲ್ಲದೆ ಸರಾಸರಿಯ ಮಾತು ಮುಗಿಯುವುದುಂಟೇ? ಮಲಯಾಳಿ ಮನೆತನದ, ಕರ್ನಾಟಕದ ಬ್ಯಾಟರ್ ಕರುಣ್ ನಾಯರ್ 2016–17ರಲ್ಲಿ ಆಡಿದ ಮೊದಲ ಆರು ಟೆಸ್ಟ್‌ಗಳ ಏಳು ಇನಿಂಗ್ಸ್ ಹೀಗಿವೆ: 4, 13, ಔಟಾಗದೆ 303, 26, 0, 23, 5. ಒಟ್ಟು 374. ಸರಾಸರಿ 62.33. ಏಳನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಹೆಕ್ಕಿದರೆ ಮಧ್ಯಾಂಕ ಬರೀ 13! ಅಂದಹಾಗೆ ಆ 62.33 ಶಾಲೆಯಲ್ಲಿ ಕಲಿತ ಸರಾಸರಿಯೂ ಅಲ್ಲ. ಔಟಾಗದ ಇನಿಂಗ್ಸನ್ನು ಬಿಟ್ಟು ಆರರಿಂದ ಭಾಗಿಸಿದ್ದಾರೆ. ಏಳರಿಂದ ಭಾಗಿಸಿದರೆ 53.43. ಚೆನ್ನೈನ ತ್ರಿಶತಕದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ‘ಮುಂದಿನ ಇನಿಂಗ್ಸ್‌ನಲ್ಲಿ 62 ಹೊಡೆಯುತ್ತಾರೆ’ ಎಂದು ಬಾಜಿ ಕಟ್ಟಿದವರ ಗತಿ ಏನಾಗಿರಬೇಕು!

2022–23ರ ಕೇಂದ್ರ ಸಮೀಕ್ಷೆಯಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು ಕೇರಳದ ಹಳ್ಳಿಗಳಲ್ಲಿ 5,924 ರೂಪಾಯಿ, ಪಟ್ಟಣಗಳಲ್ಲಿ 7,078. ಕರ್ನಾಟಕದಲ್ಲಿ 4,397 ಮತ್ತು 7,666. ಪಟ್ಟಣಗಳನ್ನಷ್ಟೇ ನೋಡಿದರೆ ನಾವೇ ಮುಂದೆ. ಹಳ್ಳಿಗೂ ಪಟ್ಟಣಕ್ಕೂ ಅಂತರ ಅವರಲ್ಲಿ ಶೇ 19, ನಮ್ಮಲ್ಲಿ ಶೇ 74.

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಮೂಳೆಗಳ ಕೆಲಸಕ್ಕೆ. ಸೂಡಾನ್‌ನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳ ಅಳತೆಗಳನ್ನು ಬೇರೆ ಜನಸಮೂಹಗಳ ಅಳತೆಗಳೊಂದಿಗೆ ಹೋಲಿಸಬೇಕಿತ್ತು. ಕೈಯಲ್ಲಿದ್ದ ಸಾಧನ ಅವರ ಗುರು ಮಹಾಲನೋಬಿಸ್ 1936ರಲ್ಲಿ ರೂಪಿಸಿದ ‘ದೂರ’. ಎರಡು ಗುಂಪುಗಳ ಸರಾಸರಿಗಳು ಎಷ್ಟು ದೂರ ಎಂಬುದನ್ನು ಅಳತೆಗಳ ಚದುರುವಿಕೆಯನ್ನೂ ಗಣನೆಗೆ ತೆಗೆದುಕೊಂಡು ಹೇಳುವ ಸೂತ್ರವದು. ಎತ್ತರದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ ಏನೂ ಅಲ್ಲ, ತಲೆಬುರುಡೆಯ ಅಗಲದಲ್ಲಿ ಅದೇ ಎರಡು ಸೆಂಟಿಮೀಟರ್ ಬಹಳ ದೊಡ್ಡದು.

ಅದಕ್ಕೂ ಮೊದಲೇ, 1945ರಲ್ಲಿ, ರಾವ್ ಕೋಲ್ಕತ್ತದ ಗಣಿತ ಪತ್ರಿಕೆಯೊಂದರಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿದ್ದರು. ದತ್ತಾಂಶದಿಂದ ಎಷ್ಟೇ ಜಾಣತನದಿಂದ ಪಕ್ಷಪಾತವಿಲ್ಲದ ಅಂದಾಜು ಮಾಡಿದರೂ ಆ ಅಂದಾಜಿನ ಚದುರುವಿಕೆ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು ಎಂಬುದು ಅದರ ತಿರುಳು. ಈ ಲೇಖನವನ್ನೇ ಮುಂದಿಟ್ಟು 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಘೋಷಿಸಿದರು. ಆಗ ರಾವ್ ಅವರಿಗೆ 102 ವರ್ಷ.